ಗ್ರಾಂಬ್ಲಿಂಗ್ ಕಾಲೇಜಿನ 1942ರ ಸೀಸನ್ ಹುಡುಕಿ ಓದೋದು ಹೇಗೆ

ಅಮೆರಿಕನ್ ಫುಟ್‌ಬಾಲ್ ಹಿಸ್ಟರಿ ಹುಚ್ಚು ಇರೋರಿಗೆ ಇದು. ಲೂಸಿಯಾನಾದ ಉತ್ತರದ ಕಡೆ ಗ್ರಾಂಬ್ಲಿಂಗ್ ಅಂತ ಸಣ್ಣ ಊರು, ಅಲ್ಲೊಂದು ಕಪ್ಪು ಜನರ ಕಾಲೇಜು, 1942ರಲ್ಲಿ ಅವರ ಟೀಮ್ 9 ಮ್ಯಾಚ್ ಆಡಿ ಒಂಬತ್ತೂ ಗೆದ್ದಿತ್ತು, ಎದುರಾಳಿಗೆ ಇಡೀ ಸೀಸನ್ನಲ್ಲಿ ಒಂದೇ ಒಂದು ಪಾಯಿಂಟೂ ಬಿಟ್ಟುಕೊಟ್ಟಿರ್ಲಿಲ್ಲ. ಇಷ್ಟು ಎಲ್ಲಾ ಕಡೆ ಸಿಗುತ್ತೆ, ಇದರಾಚೆಗೆ ಬೇಕಂದ್ರೆ ಸ್ವಲ್ಪ ಒದ್ದಾಡ್ಬೇಕು.

ಮೊದ್ಲು ಹೆಸ್ರು ಸರಿ ಮಾಡ್ಕೊಳ್ಳಿ. ಗ್ರಾಂಬ್ಲಿಂಗ್ ಸ್ಟೇಟ್ ಅಂತ ಸರ್ಚ್ ಕೊಟ್ರೆ ಆ ಕಾಲದ ಪೇಪರಲ್ಲಿ ಸಿಗಲ್ಲ, ಯಾಕಂದ್ರೆ ಆಗ ಅದು ಲೂಸಿಯಾನಾ ನೀಗ್ರೋ ನಾರ್ಮಲ್ ಅಂಡ್ ಇಂಡಸ್ಟ್ರಿಯಲ್ ಇನ್‌ಸ್ಟಿಟ್ಯೂಟ್ (ನಾರ್ಮಲ್ ಅಂದ್ರೆ ಟೀಚರ್ ಟ್ರೈನಿಂಗ್ ಕಾಲೇಜು), ಗ್ರಾಂಬ್ಲಿಂಗ್ ಕಾಲೇಜ್ ಆಗಿದ್ದು 1946ರಲ್ಲಿ, ಯೂನಿವರ್ಸಿಟಿ ಆಗಿದ್ದು 1974ರಲ್ಲಿ. ಹಾಗಂತ ಲೂಸಿಯಾನಾ ನಾರ್ಮಲ್ ಅಂತ ಕಂಡ ಕೂಡ್ಲೇ ಖುಷಿಪಡ್ಬೇಡಿ, ಅದೇ ರಾಜ್ಯದಲ್ಲಿ ನ್ಯಾಕಟಿಶ್ ಅನ್ನೋ ಊರಲ್ಲಿ ಬಿಳಿಯರದ್ದೂ ಒಂದು ನಾರ್ಮಲ್ ಕಾಲೇಜಿತ್ತು. ಎದುರಾಳಿ ಯಾರು ಅಂತ ನೋಡಿ, ಅಲ್ಲೇ ಗೊತ್ತಾಗ್ಬಿಡುತ್ತೆ. ದಕ್ಷಿಣದಲ್ಲಿ ಬಿಳಿಯರ ಕಾಲೇಜುಗಳು ಇವರ ಜೊತೆ ಆಡ್ತಾನೇ ಇರ್ಲಿಲ್ಲ.

ಪೇಪರ್ ವಿಷ್ಯಕ್ಕೆ ಬಂದ್ರೆ ಊರಿನ ದೊಡ್ಡ ಡೈಲಿಗಳಿಂದ ಶುರು ಮಾಡ್ಬೇಡಿ, ಅವು ಕಪ್ಪು ಕಾಲೇಜುಗಳ ಆಟಕ್ಕೆ ಜಾಗ ಕೊಡ್ತಿದ್ದಿದ್ದೇ ಕಡಿಮೆ. ಕಪ್ಪು ಜನರದ್ದೇ ಪೇಪರುಗಳಾದ ಪಿಟ್ಸ್‌ಬರ್ಗ್ ಕೊರಿಯರ್, ಶಿಕಾಗೋ ಡಿಫೆಂಡರ್, ಬಾಲ್ಟಿಮೋರಿನ ಆಫ್ರೋ-ಅಮೆರಿಕನ್ ನೋಡಿ. ಆಫ್ರೋದ ಹಳೇ ಸಂಚಿಕೆ ಗೂಗಲ್ ನ್ಯೂಸ್ ಆರ್ಕೈವಲ್ಲಿ ಫ್ರೀ ಇವೆ, ಮಿಕ್ಕವಕ್ಕೆ ದುಡ್ಡು ಕಟ್ಬೇಕು ಇಲ್ಲಾ ಯೂನಿವರ್ಸಿಟಿ ಲೈಬ್ರರಿಯ ಲಾಗಿನ್ ಇರ್ಬೇಕು. ಒಂದು ನೆನಪಿಡಿ, ಕೊರಿಯರ್ ಮತ್ತೆ ಡಿಫೆಂಡರ್ ಆಗ ವಾರಪತ್ರಿಕೆಗಳು, ಅಕ್ಟೋಬರ್ ಮೂರನೇ ವಾರದ ಮ್ಯಾಚ್ ರಿಪೋರ್ಟು ನಾಲ್ಕನೇ ವಾರದ ಸಂಚಿಕೇಲಿ ಇರುತ್ತೆ, ಪೇಪರ್ ಮೇಲಿನ ಡೇಟನ್ನೇ ಮ್ಯಾಚ್ ಡೇಟ್ ಅಂತ ಬರ್ಕೊಂಡ್ರೆ ನಿಮ್ಮ ಪಟ್ಟಿ ಪೂರ್ತಿ ಒಂದು ವಾರ ಜಾರುತ್ತೆ.

ರಿಪೋರ್ಟ್ ಓದ್ವಾಗ ಬರೆದಿದ್ಯಾರು ಅನ್ನೋದೂ ಮುಖ್ಯ. ಗ್ರಾಂಬ್ಲಿಂಗ್ ಕೋಚ್ ಎಡ್ಡಿ ರಾಬಿನ್ಸನ್ 1941ರಲ್ಲಿ ಕೆಲಸಕ್ಕೆ ಸೇರಿದಾಗ 22 ವರ್ಷ, ಅದಕ್ಕೆ ಮುಂಚೆ ಬ್ಯಾಟನ್ ರೂಜಲ್ಲಿ ದನದ ಮೇವಿನ ಮಿಲ್ಲಲ್ಲಿ ಗಂಟೆಗೆ 25 ಸೆಂಟಿಗೆ ದುಡೀತಿದ್ರು. ಕಾಲೇಜಿಗೆ ಬಂದ್ಮೇಲೂ ಮೈದಾನದ ಹುಲ್ಲು ಕತ್ತರಿಸೋದು, ಗೆರೆ ಹಾಕೋದು, ಊರಾಚೆ ಮ್ಯಾಚ್ ಇದ್ರೆ ಹುಡುಗ್ರಿಗೆ ಸ್ಯಾಂಡ್‌ವಿಚ್ ಕಟ್ಟೋದು, ಕೊನೆಗೆ ಪೇಪರಿಗೆ ಮ್ಯಾಚ್ ವರದಿ ಬರೆಯೋದೂ ಅವರೇ. ಅಂದ್ರೆ ಹೊಗಳಿಕೆ ಜಾಸ್ತಿ ಕಂಡ್ರೆ ಬರೆದೋರು ಕೋಚೇ ಇರ್ಬಹುದು, ಎದುರಾಳಿ ಕಾಲೇಜಿನ ಕಡೆಯ ವರದಿಯೂ ಹುಡುಕಿ ಪಕ್ಕ ಪಕ್ಕ ಇಟ್ಟು ನೋಡಿ. ಆ ಸ್ಯಾಂಡ್‌ವಿಚ್ ವಿಷ್ಯ ತಮಾಷೆ ಅಲ್ಲ, ದಾರಿಲಿ ಬಿಳಿಯರ ಹೋಟೆಲಲ್ಲಿ ಇವರಿಗೆ ಕೂತು ತಿನ್ನೋಕೆ ಬಿಡ್ತಿರ್ಲಿಲ್ಲ. ಹಾಗಾಗಿ ಮ್ಯಾಚ್ ಪಟ್ಟಿ ಮಾಡ್ವಾಗ ಯಾವ ಊರು, ಎಷ್ಟು ಮೈಲಿ ಅನ್ನೋ ಕಾಲಮ್ಮೂ ಹಾಕಿ, ಬರೀ ಸ್ಕೋರ್ ನೋಡಿದ್ರೆ ಸೀಸನ್ ಅರ್ಧ ಮಾತ್ರ ಕಾಣೋದು.

ಇನ್ನು ರ‍್ಯಾಂಕಿಂಗ್. ಎಪಿ ಪೋಲ್ (ಅಸೋಸಿಯೇಟೆಡ್ ಪ್ರೆಸ್ ಸುದ್ದಿ ಸಂಸ್ಥೆ ಪತ್ರಕರ್ತರ ಓಟಿಂದ ಮಾಡೋ ಕಾಲೇಜ್ ಟೀಮುಗಳ ರ‍್ಯಾಂಕಿಂಗ್) ನೋಡಿ ಟೈಮ್ ವೇಸ್ಟ್ ಮಾಡ್ಬೇಡಿ, ಇವರು ಅದರಲ್ಲಿ ಇರ್ತಿರ್ಲಿಲ್ಲ. ಕಪ್ಪು ಕಾಲೇಜುಗಳ ಚಾಂಪಿಯನ್ ಯಾರು ಅಂತ ಹೇಳ್ತಿದ್ದಿದ್ದು ಕೊರಿಯರ್ ಪೇಪರು, ಆ ವರ್ಷ ಅದು ಪಟ್ಟ ಕೊಟ್ಟಿದ್ದು ಫ್ಲಾರಿಡಾ ಎ ಅಂಡ್ ಎಂ ಅನ್ನೋ ಕಾಲೇಜಿಗೆ. ಒಂದು ಪಾಯಿಂಟೂ ಬಿಡದ ಟೀಮಿಗೆ ಪಟ್ಟ ಇಲ್ವಾ ಅಂತ ಸಿಟ್ಟು ಬರುತ್ತೆ, ನನಗೂ ಬಂತು, ಆದ್ರೆ ಗ್ರಾಂಬ್ಲಿಂಗ್ ಆಗಿನ್ನೂ ಹೆಸರಿಲ್ಲದ ಸಣ್ಣ ಕಾಲೇಜು, ದೊಡ್ಡ ಟೀಮುಗಳಿದ್ದ ಸೌತ್‌ವೆಸ್ಟರ್ನ್ ಅಥ್ಲೆಟಿಕ್ ಕಾನ್ಫರೆನ್ಸ್ ಅನ್ನೋ ಕಪ್ಪು ಕಾಲೇಜುಗಳ ಲೀಗಿಗೆ ಅದು ಸೇರಿದ್ದೇ 1950ರ ದಶಕದ ಕೊನೇಲಿ. ಎದುರಾಳಿಗಳು ಬೇರೆಯವರ ಮೇಲೆ ಹೇಗೆ ಆಡಿದ್ರು ಅಂತ ನೋಡದೆ ಯಾರು ಗಟ್ಟಿ ಅಂತ ತೀರ್ಮಾನ ಮಾಡ್ಬೇಡಿ. ಹಿಂದಿನ ವರ್ಷದ್ದೂ ಓದಿ, 1941ರಲ್ಲಿ ಇದೇ ಕೋಚು ಗೆದ್ದಿದ್ದು 3, ಸೋತಿದ್ದು 5.

1943, 1944ರ ಪೇಪರಲ್ಲಿ ಗ್ರಾಂಬ್ಲಿಂಗ್ ಸ್ಕೋರ್ ಸಿಗ್ಲಿಲ್ಲ ಅಂತ ಸ್ಕ್ಯಾನನ್ನ ಬೈಬೇಡಿ, ಯುದ್ಧದಿಂದಾಗಿ ಆ ಎರಡು ವರ್ಷ ಟೀಮೇ ಇರ್ಲಿಲ್ಲ. ನೇರ 1945ಕ್ಕೆ ಹೋಗಿ ಟ್ಯಾಂಕ್ ಯಂಗರ್ ಅನ್ನೋ ಹೆಸರಿಂದ ಹುಡುಕಿ, ಗ್ರಾಂಬ್ಲಿಂಗಲ್ಲಿ ಆಡಿ 1949ರಲ್ಲಿ ಲಾಸ್ ಏಂಜಲೀಸ್ ರಾಮ್ಸ್ ಅನ್ನೋ ಪ್ರೊಫೆಷನಲ್ ಟೀಮ್ ಸೇರಿದ ಹುಡುಗ, ಅವನ ಬಗ್ಗೆ ಸಿಗೋ ಸಾಮಗ್ರಿ 1942ರ ಇಡೀ ಟೀಮಿಗಿಂತ ಜಾಸ್ತಿ.