ನಮ್ಮೂರ ಗುಡ್ಡದಲ್ಲಿ ಕಾಡನ್ನೂ ನೀರನ್ನೂ ಕಾಯ್ದುಕೊಂಡ ಬಗೆ: ನನ್ನ ಅನುಭವ

ನಾಗಮಂಗಲ ತಾಲ್ಲೂಕಿನ ನಮ್ಮೂರಿನ ಗ್ರಾಮ ಅರಣ್ಯ ಸಮಿತಿಯ ಹೊಣೆ ನನಗೆ ಬಂದಾಗ, ಊರ ಮಗ್ಗುಲಿನ ಗುಡ್ಡದ ಒಂದು ಪಾರ್ಶ್ವದಲ್ಲಿ ಹಳೆಯ ನೀಲಗಿರಿ ತೋಪೂ ಇನ್ನೊಂದು ಪಾರ್ಶ್ವದಲ್ಲಿ ಲಾಂಟಾನ ಕವಿದ ಕುರುಚಲು ಕಾಡೂ ಇದ್ದವು. ಗುಡ್ಡದ ತುಂಬ ಒತ್ತಾಗಿ ಸಸಿ ನೆಟ್ಟರೆ ಕೆಳಗಿನ ಬಾವಿಗಳಿಗೆ ನೀರು ತಾನಾಗಿ ಬರುತ್ತದೆ ಎಂಬುದು ಸಮಿತಿಯಲ್ಲಿ ಬಹುತೇಕರ ನಂಬಿಕೆಯಾಗಿತ್ತು. ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ ಕಾಣುವ ನಮ್ಮ ಸೀಮೆಗೆ ಈ ಲೆಕ್ಕ ಒಗ್ಗುವುದಿಲ್ಲವೆಂದು ನಾನು ವಾದಿಸಿದೆ. 1990ರ ದಶಕದ ಆರಂಭದಲ್ಲಿ ಪ್ರಕಟವಾದ ಅಳತೆಗಳ ಪ್ರಕಾರ, ಕರ್ನಾಟಕದ ಒಣಭಾಗಗಳಲ್ಲಿ ನೀಲಗಿರಿಯಷ್ಟೇ ಅಲ್ಲ, ದೇಸಿ ಕಾಡು ಕೂಡ ಬಿದ್ದ ಮಳೆಯನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಬಳಸಿಕೊಳ್ಳುತ್ತದೆ. ರಾಗಿ ಹೊಲಕ್ಕೆ ಬೇಕಾಗುವುದು ಅದರ ಅರ್ಧದಷ್ಟು. ಹಾಗೆಂದು ಗುಡ್ಡವನ್ನು ಬೋಳಾಗಿ ಬಿಟ್ಟರೆ, ಬೇರು, ತರಗೆಲೆ, ಗೆದ್ದಲುಗಳಿಲ್ಲದ ಮಣ್ಣು ಗಟ್ಟಿಯಾಗಿ ಮಳೆನೀರು ಮೇಲೆಯೇ ಹರಿದುಹೋಗುತ್ತದೆ. ಆದ್ದರಿಂದ ಮರಗಳನ್ನು ವಿರಳವಾಗಿಯೂ ಅವುಗಳ ನಡುವೆ ಹುಲ್ಲನ್ನು ದಟ್ಟವಾಗಿಯೂ ಉಳಿಸಿಕೊಳ್ಳುವ ದಾರಿ ಹಿಡಿದೆವು.

ಅರಣ್ಯ ಇಲಾಖೆಯ ಅನುಮತಿ ಪಡೆದು ನೀಲಗಿರಿಯನ್ನು ಹಂತಹಂತವಾಗಿ ತೆಗೆಸಿದೆವು. ರಾಜ್ಯದಲ್ಲಿ ಹೊಸದಾಗಿ ನೀಲಗಿರಿ ನೆಡುವುದಕ್ಕೆ 2017ರಲ್ಲೇ ನಿಷೇಧ ಬಂದಿದ್ದರೂ, ಹಳೆಯ ಬುಡಗಳು ಕೂಳೆ ಕಬ್ಬಿನಂತೆ ಕಡಿದಷ್ಟೂ ಚಿಗುರುತ್ತವೆ. ಸಮತಟ್ಟಾದ ಕಡೆ ಜೆಸಿಬಿಯಿಂದ ಬುಡ ಕೀಳಿಸಿದೆವು. ಇಳಿಜಾರಿನಲ್ಲಿ ಹಾಗೆ ಮಾಡಿದರೆ ಮಣ್ಣು ಸಡಿಲಗೊಂಡು ಕೊಚ್ಚಿಹೋಗುವುದರಿಂದ, ಬುಡ ಸಾಯುವವರೆಗೂ ಚಿಗುರನ್ನು ಮುರಿಯುತ್ತಲೇ ಇರಬೇಕಾಯಿತು. ಲಾಂಟಾನವನ್ನು ಮಚ್ಚಿನಿಂದ ಸವರುವುದರಿಂದ ಏನೂ ಪ್ರಯೋಜನವಿಲ್ಲ. ಹೂ ಬಿಟ್ಟು ಕಾಯಿ ಕಟ್ಟುವ ಮೊದಲೇ ಪಿಕಾಸಿಯಿಂದ ನೆಲದೊಳಗೆ ಮೂರು ನಾಲ್ಕು ಅಂಗುಲ ಕೆಳಗೆ ತಾಯಿಬೇರನ್ನು ಕತ್ತರಿಸಿ, ಪೊದೆಯನ್ನು ತಲೆಕೆಳಗಾಗಿ ಮಗುಚಿ ಒಣಗಲು ಬಿಡಬೇಕು. ಹಕ್ಕಿಗಳು ಬೀಜವನ್ನು ಮತ್ತೆ ತಂದು ಹಾಕುವುದರಿಂದ, ಈ ಕೆಲಸವನ್ನು ಒಮ್ಮೆ ಮುಗಿಯುವ ಕಾಮಗಾರಿಯೆಂದು ಲೆಕ್ಕ ಬರೆಯುವವರ ಮಾತನ್ನು ನಾನು ನಂಬುವುದಿಲ್ಲ.

ನೀರಿಂಗಿಸುವ ಕಂದಕಗಳಿಗೆ ಹೆಚ್ಚು ಸಮಯ ಕೊಟ್ಟೆವು. ಎರಡು ಗಳುಗಳನ್ನು ಕವೆಯಂತೆ ಜೋಡಿಸಿ, ನಡುವೆ ಅಡ್ಡಪಟ್ಟಿ ಕಟ್ಟಿ, ತುದಿಯಿಂದ ದಾರಕ್ಕೆ ಕಲ್ಲು ತೂಗುಬಿಟ್ಟರೆ ಸಮಪಾತಳಿ ಗುರುತಿಸುವ ಸಾಧನ ಸಿದ್ಧ; ದಾರವು ಅಡ್ಡಪಟ್ಟಿಯ ನಡುಗುರುತಿನ ಮೇಲೆ ನಿಂತರೆ ಎರಡೂ ಕಾಲುಗಳು ಒಂದೇ ಎತ್ತರದಲ್ಲಿವೆ ಎಂದರ್ಥ. ಹೀಗೆ ಒಂದೇ ಎತ್ತರದ ಜಾಗಗಳನ್ನು ಸಾಲಾಗಿ ಗುರುತಿಸಿ ಎಳೆದ ಗೆರೆಯ ಮೇಲೆ ನರೇಗಾ ಕೂಲಿಯಲ್ಲಿ ಒಂದೂವರೆ ಅಡಿ ಆಳದ ಕಂದಕಗಳನ್ನು ಬಿಟ್ಟು ಬಿಟ್ಟು ತೋಡಿಸಿ, ಅಗೆದ ಮಣ್ಣನ್ನು ತಗ್ಗಿನ ಕಡೆಗೆ ಬದುವಾಗಿ ಹಾಕಿಸಿದೆವು. ನಮ್ಮಲ್ಲಿ ಮಳೆಯ ಜೋರು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ, ಅಂದರೆ ಉತ್ತರೆಯಿಂದ ಚಿತ್ತೆಯವರೆಗೆ ಇರುವುದರಿಂದ, ಅದಕ್ಕೂ ಮುಂಚೆ ಹೂಳು ತೆಗೆದಿರಲೇಬೇಕು. ಒಂದು ಎಕರೆಯ ಮೇಲೆ 10 ಮಿ.ಮೀ. ಮಳೆಯೆಂದರೆ ಸುಮಾರು 40,000 ಲೀಟರ್ ನೀರು. ಆದರೆ ಶಿಥಿಲಗೊಂಡ ಗ್ರಾನೈಟ್ ಮತ್ತು ನೈಸ್ (ಪಟ್ಟೆಪಟ್ಟೆಯಾಗಿ ಕಾಣುವ ಗಡಸು ಶಿಲೆ) ಬಂಡೆಯ ಪ್ರದೇಶದಲ್ಲಿ ವರ್ಷದ ಮಳೆಯ ಶೇಕಡಾ 8ರಿಂದ 11ರಷ್ಟು ಮಾತ್ರ ಅಂತರ್ಜಲಕ್ಕೆ ಸೇರುತ್ತದೆ ಎಂಬುದು ಅಂತರ್ಜಲ ಅಂದಾಜಿನ ರೂಢಿಯ ಲೆಕ್ಕ. ಕಂದಕಗಳಿಂದ ಪವಾಡವನ್ನು ನಿರೀಕ್ಷಿಸಬೇಡಿರೆಂದು ನಾನು ಮೊದಲೇ ಊರವರಿಗೆ ಹೇಳಿದ್ದು ಇದೇ ಕಾರಣಕ್ಕೆ.

ಸಸಿ ನೆಟ್ಟದ್ದು ಕಡಿಮೆ. ಕಾರೆ, ಎಲಚಿ ಪೊದೆಗಳನ್ನು ಕಡಿಯದೆ ಬಿಟ್ಟಾಗ ಅವುಗಳ ಮುಳ್ಳಿನ ಆಸರೆಯಲ್ಲಿ ಕಗ್ಗಲಿ, ದಿಂಡಿಗ, ಬೇವು ತಾವಾಗಿಯೇ ಎದ್ದವು. ಕುರಿ ಮೇಯಿಸುವವರೊಡನೆ ಕೂತು ಮಾತಾಡಿ, ಗುಡ್ಡವನ್ನು ಪಾಲು ಮಾಡಿ, ಸರದಿಯಂತೆ ಒಂದೊಂದು ಪಾಲಿಗೆ ವಿರಾಮ ಕೊಟ್ಟೆವು. ವಿರಾಮದ ಪಾಲಿನಿಂದ ಹುಲ್ಲನ್ನು ಕೊಯ್ದು ಒಯ್ಯಲು ಅಡ್ಡಿಯಿಲ್ಲ. ಬಯಲು ಕಂಡಲ್ಲೆಲ್ಲ ಗಿಡ ನೆಡುವ ಉತ್ಸಾಹಕ್ಕೆ ನಾನು ಈಗಲೂ ವಿರೋಧಿ. 1974ರಲ್ಲಿ ಘೋಷಣೆಯಾದ ಮೇಲುಕೋಟೆ ವನ್ಯಧಾಮದ ಹೆಸರು ನಿಂತಿರುವುದೇ ತೋಳದ ಮೇಲೆ, ಆ ತೋಳಕ್ಕೆ ಬೇಕಾದದ್ದು ಇಂಥ ಕುರುಚಲು ಬಯಲು. ನಮ್ಮ ಗುಡ್ಡದಲ್ಲಿಯೂ ಕೌಜುಗ, ಮೊಲಗಳು ಹೆಚ್ಚಿದ್ದು ಹುಲ್ಲು ಮರಳಿದ ಜಾಗದಲ್ಲಿಯೇ.

ಗುಡ್ಡದ ಬುಡದ ತೆರೆದ ಬಾವಿಯಲ್ಲಿ ಕಟ್ಟೆಯಿಂದ ನೀರಿನವರೆಗಿನ ಆಳವನ್ನು ಪ್ರತಿ ತಿಂಗಳೂ ಟೇಪು ಇಳಿಬಿಟ್ಟು ಬರೆದಿಡುತ್ತೇವೆ. ಹಿಂದೆ ಸಂಕ್ರಾಂತಿಯ ಹೊತ್ತಿಗೆ ತಳ ಕಾಣುತ್ತಿದ್ದ ಆ ಬಾವಿಯಲ್ಲಿ, ಹಿಂಗಾರು ಚೆನ್ನಾಗಿ ಆದ ವರ್ಷ ಯುಗಾದಿಯವರೆಗೂ ನೀರು ನಿಲ್ಲುತ್ತದೆ. ಅದೇ ಬಯಲಿನ ಆಳದ ಬೋರ್‌ವೆಲ್‌ಗಳಲ್ಲಿ ಅಂಥ ವ್ಯತ್ಯಾಸ ಕಂಡಿಲ್ಲ. ತೆಂಗಿನ ತೋಟಗಳಿಗೆ ಎತ್ತುತ್ತಿರುವ ನೀರನ್ನು ಈ ಗುಡ್ಡವೊಂದೇ ತುಂಬಿಕೊಡಲಾರದು. ಹಾಗಾಗಿ ಈಗ ಸಮಿತಿಯ ಸಭೆಗಳಲ್ಲಿ ತೋಟಗಳ ಹನಿ ನೀರಾವರಿಯ ಮಾತನ್ನೂ ಎತ್ತುತ್ತಿದ್ದೇವೆ.