ಓಡುವವರ ಕಿವಿಗೆ ಪಾಡ್‌ಕಾಸ್ಟ್: ನಾನು ಮಾಡುವ ರೀತಿ

ಓಟಗಾರರಿಗೆ, ಟ್ರಯಾಥ್ಲೀಟ್‌ಗಳಿಗೆ (ಈಜು, ಸೈಕಲ್, ಓಟ ಮೂರನ್ನೂ ಒಂದೇ ಸ್ಪರ್ಧೆಯಲ್ಲಿ ಮಾಡುವವರಿಗೆ) ಕನ್ನಡದಲ್ಲಿ ಪಾಡ್‌ಕಾಸ್ಟ್ ಮಾಡುವಾಗ ನಾನು ಮರೆಯದ ಸಂಗತಿಯೆಂದರೆ ಕೇಳುವವರು ಒಂದು ಕಡೆ ಕೂತಿರುವುದಿಲ್ಲ. ಭಾನುವಾರ ಬೆಳಿಗ್ಗೆ ಲಾಂಗ್ ರನ್ನಿನಲ್ಲಿರುತ್ತಾರೆ. ಫೋನು ಸೊಂಟದ ಬೆಲ್ಟಿನಲ್ಲಿ, ಕೈಯೆಲ್ಲ ಬೆವರು, ಪಕ್ಕದಲ್ಲೇ ಬಿಎಂಟಿಸಿ ಬಸ್ಸು. ಕೇಳಿಸದ್ದನ್ನು ಹಿಂದೆ ಸರಿಸಿ ಮತ್ತೆ ಕೇಳುವುದಿಲ್ಲ, ಬರೆದುಕೊಳ್ಳುವ ಮಾತಂತೂ ಇಲ್ಲವೇ ಇಲ್ಲ. ಹಾಗಾಗಿ ಮೈಕಿನ ಆಯ್ಕೆಯಿಂದ ಅತಿಥಿಗೆ ಕೇಳುವ ಪ್ರಶ್ನೆಯವರೆಗೆ ಎಲ್ಲವನ್ನೂ ಈ ಕಿವಿಗೆ ತಕ್ಕಂತೆಯೇ ಹೊಂದಿಸಿಕೊಳ್ಳಬೇಕು.

ಮೊದಲು ರೆಕಾರ್ಡಿಂಗ್. ಮನೆಯಲ್ಲಿ ಮಾಡುವುದಾದರೆ ಡೈನಮಿಕ್ ಮೈಕ್ ಸಾಕು. ಕಂಡೆನ್ಸರ್ ಮೈಕ್ ಪಕ್ಕದ ಮನೆಯ ಕುಕ್ಕರ್ ಸೀಟಿಯನ್ನೂ ಹಿಡಿದು ತರುತ್ತದೆ. ಬಾಯಿಗೂ ಮೈಕಿಗೂ ಒಂದು ಗೇಣಿಗಿಂತ ಕಡಿಮೆ ಅಂತರ ಇರಲಿ, ಮೈಕನ್ನು ತುಸು ಪಕ್ಕಕ್ಕೆ ಓರೆಯಾಗಿಡಿ. ನೇರ ಎದುರಿಗಿಟ್ಟರೆ ಪ, ಫ, ಭ ಬಂದಾಗಲೆಲ್ಲ ಗಾಳಿ ಬಡಿದು ಧಬ್ ಎನ್ನುತ್ತದೆ. ಫ್ಯಾನ್ ಆರಿಸಿ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರ ಎದುರು ಕೂತರೆ ಪ್ರತಿಧ್ವನಿ ಬಹುಪಾಲು ಇಳಿಯುತ್ತದೆ.

ಅತಿಥಿ ಬೇರೆ ಊರಿನಲ್ಲಿದ್ದರೆ ಕರೆಯ ಧ್ವನಿಯನ್ನು ನಾನು ಬಳಸುವುದಿಲ್ಲ. ಕರೆ ಅವರ ಲ್ಯಾಪ್‌ಟಾಪಿನಲ್ಲಿ, ರೆಕಾರ್ಡಿಂಗ್ ಅವರದೇ ಫೋನಿನಲ್ಲಿ. ಎರಡನ್ನೂ ಒಂದೇ ಫೋನಿನಲ್ಲಿ ಮಾಡಲು ಹೋದರೆ ಎಷ್ಟೋ ಫೋನುಗಳು ಕರೆ ನಡೆಯುವಾಗ ರೆಕಾರ್ಡರಿಗೆ ಮೈಕನ್ನೇ ಬಿಟ್ಟುಕೊಡುವುದಿಲ್ಲ. ಫೋನು ಏರ್‌ಪ್ಲೇನ್ ಮೋಡಿನಲ್ಲಿರಬೇಕು, ನಡುವೆ ಯಾರಾದರೂ ಫೋನ್ ಮಾಡಿದರೆ ರೆಕಾರ್ಡಿಂಗ್ ನಿಂತೇ ಹೋಗಬಹುದು. ಅವರು ಇಯರ್‌ಫೋನ್ ಹಾಕಿಕೊಳ್ಳಲೇಬೇಕು, ಇಲ್ಲದಿದ್ದರೆ ನನ್ನ ಧ್ವನಿ ಅವರ ಟ್ರ್ಯಾಕಿನಲ್ಲೂ ಸೇರಿ ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಶುರುವಿಗೆ ಇಬ್ಬರೂ ಒಟ್ಟಿಗೆ ಚಪ್ಪಾಳೆ ತಟ್ಟುತ್ತೇವೆ, ಕೊನೆಗೂ ಒಮ್ಮೆ. ಮೊದಲ ಚಪ್ಪಾಳೆ ಎರಡು ಟ್ರ್ಯಾಕ್ ಕೂಡಿಸಲು. ಎರಡನೆಯದು ಎರಡು ಸಾಧನಗಳ ಗಡಿಯಾರ ಎಷ್ಟು ಸರಿದಿದೆ ಎಂದು ನೋಡಲು. ಒಂದು ಗಂಟೆಯ ಮಾತಿನಲ್ಲಿ ಸೆಕೆಂಡಿನ ಸಣ್ಣ ಭಾಗದಷ್ಟು ಸರಿದರೂ ಪ್ರಶ್ನೆ ಮುಗಿಯುವ ಮುನ್ನವೇ ಉತ್ತರ ಬಂದಂತಾಗುತ್ತದೆ, ಆಗ ಅತಿಥಿಯ ಟ್ರ್ಯಾಕನ್ನು ಅಷ್ಟೇ ಪ್ರಮಾಣದಲ್ಲಿ ಹಿಗ್ಗಿಸಬೇಕು ಅಥವಾ ಕುಗ್ಗಿಸಬೇಕು. ಧ್ವನಿ ಒಂದೇ ಸಮನೆ ಕೀರಲಾಗಿ, ಬೇಗಬೇಗ ಕೇಳಿಸಿದರೆ ಅದು ಗಡಿಯಾರದ ತೊಂದರೆಯಲ್ಲ. 44.1 ಕಿಲೋಹರ್ಟ್ಸ್ ಸ್ಯಾಂಪಲ್ ರೇಟಿನ (ಸೆಕೆಂಡಿಗೆ ಧ್ವನಿಯನ್ನು ಎಷ್ಟು ಸಲ ಅಳೆದಿದೆ ಎಂಬ ಲೆಕ್ಕ) ಕಡತವನ್ನು ಸಾಫ್ಟ್‌ವೇರ್ 48 ಎಂದು ಓದುತ್ತಿದೆ. ಕಡತವನ್ನು ವಾಟ್ಸಾಪ್‌ನಲ್ಲಿ ಕಳಿಸುವವರಿಗೆ ‘ವಾಯ್ಸ್ ನೋಟ್ ಬೇಡ, ಡಾಕ್ಯುಮೆಂಟ್ ಆಗಿ ಹಾಕಿ’ ಎಂದು ಮೊದಲೇ ಹೇಳಿಬಿಡುತ್ತೇನೆ.

ಎಡಿಟಿಂಗಿನಲ್ಲಿ ಹೆಚ್ಚು ಹೊತ್ತು ಹಿಡಿಯುವುದು ವಾಕ್ಯದ ಬಾಲ. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ‘ಓಟಕ್ಕೆ ಮುಂಚೆ ಒಂದು ಲೀಟರ್ ನೀರು ಕುಡಿಯ...’ ಎನ್ನುವಷ್ಟರಲ್ಲಿ ಮಾತನಾಡುವವರ ಉಸಿರು ಮುಗಿದಿರುತ್ತದೆ, ಧ್ವನಿ ಇಳಿಯುತ್ತದೆ. ಅಷ್ಟರಲ್ಲಿ ಲಾರಿಯೊಂದು ಹಾರ್ನ್ ಹೊಡೆದರೆ ಅದು ‘ಬೇಕು’ ಆಗಿತ್ತೋ ‘ಬಾರದು’ ಆಗಿತ್ತೋ ದೇವರಿಗೇ ಗೊತ್ತು. ಜೋರು ಮತ್ತು ಮೆಲು ಧ್ವನಿಗಳ ಅಂತರ ಕಡಿಮೆ ಮಾಡುವ ಕಂಪ್ರೆಸರ್ ಈ ತಗ್ಗನ್ನು ಅರ್ಧ ತುಂಬುತ್ತದೆ, ಉಳಿದರ್ಧವನ್ನು ಕೈಯಿಂದಲೇ ಎತ್ತಬೇಕು. ಸಲಹೆ, ಎಚ್ಚರಿಕೆ, ಅಳತೆ ಇರುವ ವಾಕ್ಯಗಳ ತುದಿಯನ್ನು ಹುಡುಕಿ 3ರಿಂದ 4 ಡೆಸಿಬಲ್ ಏರಿಸುತ್ತೇನೆ.

ಉಳಿದದ್ದರ ಸರಣಿ ಹೀಗೆ. 80 ಹರ್ಟ್ಸ್‌ಗಿಂತ ಕೆಳಗಿನದನ್ನು ಹೈ-ಪಾಸ್ ಫಿಲ್ಟರಿನಿಂದ ಕತ್ತರಿಸುವುದು, ಓಡುತ್ತಲೇ ರೆಕಾರ್ಡ್ ಮಾಡಿದ ತುಣುಕಾದರೆ ಹೆಜ್ಜೆಯ ಸದ್ದು ಹೋಗಲು 120ರವರೆಗೂ ಹೋಗುವುದು. ಆಮೇಲೆ ಹಗುರವಾಗಿ ನಾಯ್ಸ್ ರಿಡಕ್ಷನ್, ಅದಾದ ಮೇಲೆ 3:1 ಕಂಪ್ರೆಸರ್. ಈ ಕ್ರಮ ಅದಲುಬದಲಾದರೆ ಕಂಪ್ರೆಸರ್ ಮಾತಿನ ಜೊತೆ ಫ್ಯಾನಿನ ಸದ್ದನ್ನೂ ಎತ್ತಿಟ್ಟಿರುತ್ತದೆ, ಅದನ್ನು ಆಮೇಲೆ ತೆಗೆಯಹೋದರೆ ಧ್ವನಿ ನೀರೊಳಗಿನಂತಾಗುತ್ತದೆ. ಇಂದು ಅನೇಕ ಓಟಗಾರರು ಹಾಕುವುದು ಕಿವಿ ಮುಚ್ಚದೆ ಮೂಳೆಯ ಮೂಲಕ ಸದ್ದು ದಾಟಿಸುವ ಬೋನ್ ಕಂಡಕ್ಷನ್ ಹೆಡ್‌ಫೋನ್. ರಸ್ತೆ ಕೇಳಿಸುತ್ತದೆ, ಒಳ್ಳೆಯದೇ, ಆದರೆ ವ್ಯಂಜನಗಳು ರಸ್ತೆಯ ಗದ್ದಲದಲ್ಲಿ ಕರಗುತ್ತವೆ. ಅದಕ್ಕೆ 2ರಿಂದ 4 ಕಿಲೋಹರ್ಟ್ಸ್ ನಡುವೆ 2 ಡೆಸಿಬಲ್ ಏರಿಸಿ, ಸ-ಶ ಚುಚ್ಚದಂತೆ ಡಿ-ಎಸ್ಸರ್ ಹಾಕುತ್ತೇನೆ.

ಲೌಡ್‌ನೆಸ್ ವಿಷಯದಲ್ಲಿ ಗೊಂದಲ ಜಾಸ್ತಿ. ಆಪಲ್ ಪಾಡ್‌ಕಾಸ್ಟ್ಸ್ ಕೇಳುವುದು -16 ಲಫ್ಸ್ (ಇಡೀ ಕಂತು ಸರಾಸರಿ ಎಷ್ಟು ಜೋರಾಗಿ ಕೇಳಿಸುತ್ತದೆ ಎಂಬುದರ ಅಳತೆ), ಟ್ರೂ ಪೀಕ್ ಎಂದರೆ ಧ್ವನಿಯ ಅತಿ ಎತ್ತರದ ತುದಿ -1 ಡೆಸಿಬಲ್ ಮೀರಬಾರದು. ನಾನು ಕೊಡುವುದು ಮೊನೊ, ಅಂದರೆ ಒಂದೇ ಚಾನಲಿನ ಕಡತ, ಅದನ್ನು -19ಕ್ಕೆ ನಿಲ್ಲಿಸುತ್ತೇನೆ. ಎರಡೂ ಒಂದೇ: ಮೊನೊ ಕಡತದಲ್ಲಿ ಮೀಟರ್ ಒಂದೇ ಚಾನಲ್ ಅಳೆಯುತ್ತದೆ, ಕೇಳುವಾಗ ಅದು ಎರಡೂ ಕಿವಿಯಲ್ಲಿ ನುಡಿದು 3 ಡೆಸಿಬಲ್ ಸೇರಿಕೊಳ್ಳುತ್ತದೆ. ಮೊನೊ ಯಾಕೆಂದರೆ ರಸ್ತೆಯಲ್ಲಿ ಓಡುವ ಬಹಳಷ್ಟು ಜನ ಒಂದೇ ಕಿವಿಗೆ ಇಯರ್‌ಬಡ್ ಹಾಕುತ್ತಾರೆ. ಸ್ಟೀರಿಯೊದಲ್ಲಿ ನನ್ನನ್ನು ಎಡಕ್ಕೆ, ಅತಿಥಿಯನ್ನು ಬಲಕ್ಕೆ ಕೂರಿಸಿದರೆ ಅವರಿಗೆ ಪ್ರಶ್ನೆ ಮಾತ್ರ ಕೇಳಿಸೀತು! ಮೊನೊ ಎಂಪಿ3 ಸೆಕೆಂಡಿಗೆ 64 ಕಿಲೋಬಿಟ್‌ನಲ್ಲಿ ಗಂಟೆಗೆ 29 ಎಂಬಿಯಷ್ಟೇ ಆಗುತ್ತದೆ, ಮಾತಿಗೆ ಅದು ಧಾರಾಳ. ಕೊನೆಯ ಪರೀಕ್ಷೆ ಸ್ಟುಡಿಯೊ ಹೆಡ್‌ಫೋನಿನಲ್ಲಲ್ಲ, ಮುಖ್ಯರಸ್ತೆಯ ಫುಟ್‌ಪಾತಿನ ಮೇಲೆ.

ಮೌನವನ್ನು ಪೂರ್ತಿ ಕತ್ತರಿಸಬೇಡಿ. ಒಂದೂವರೆ ಸೆಕೆಂಡಿಗಿಂತ ಉದ್ದದ ಬಿಡುವನ್ನು ಮಾತ್ರ ಅರ್ಧ ಸೆಕೆಂಡಿಗೆ ಇಳಿಸುತ್ತೇನೆ. ಏದುಸಿರಿನಲ್ಲಿರುವವರಿಗೆ ಮಾತು ಇಳಿಯಲು ಅಷ್ಟು ಜಾಗ ಬೇಕು. ವೇಗ ಬೇಕಾದವರು 1.25ಕ್ಕೆ ಇಟ್ಟುಕೊಳ್ಳುತ್ತಾರೆ.

ಇನ್ನು ಅಂಕಿಗಳು. ಅತಿಥಿ ‘ನಾಲ್ಕು ಮೂವತ್ತರಲ್ಲಿ ಓಡಿದೆ’ ಎಂದರೆ ಏನರ್ಥ? ಕಿಲೋಮೀಟರಿಗೆ 4 ನಿಮಿಷ 30 ಸೆಕೆಂಡಾದರೆ ಮ್ಯಾರಥಾನ್ 3 ಗಂಟೆ 10 ನಿಮಿಷದೊಳಗೆ ಮುಗಿಯುತ್ತದೆ. ಇಡೀ ಮ್ಯಾರಥಾನ್ 4 ಗಂಟೆ 30 ನಿಮಿಷವಾದರೆ ಪೇಸ್ (ಒಂದು ಕಿಲೋಮೀಟರಿಗೆ ಹಿಡಿಯುವ ಹೊತ್ತು) 6 ನಿಮಿಷ 24 ಸೆಕೆಂಡು. ಇಬ್ಬರೂ ಬೇರೆಯೇ ಓಟಗಾರರು. ಹಾಗಾಗಿ ಅಂಥ ಕಡೆ ‘ಕಿಲೋಮೀಟರಿಗಾ ಸರ್, ಒಟ್ಟು ಟೈಮಾ?’ ಎಂದು ಅಲ್ಲೇ ಕೇಳಿ, ಉತ್ತರವನ್ನು ಉಳಿಸಿಕೊಳ್ಳುತ್ತೇನೆ. ಅಮೆರಿಕದಲ್ಲಿರುವ ಕನ್ನಡಿಗರು ಮೈಲಿಯ ಲೆಕ್ಕ ಹೇಳುತ್ತಾರೆ. ಎಂಟು ನಿಮಿಷದ ಮೈಲಿ ಎಂದರೆ ಕಿಲೋಮೀಟರಿಗೆ 4 ನಿಮಿಷ 58 ಸೆಕೆಂಡು ಎಂದು ಪಕ್ಕದಲ್ಲೇ ಸೇರಿಸಬೇಕು.

ಆಹಾರದ ಅಂಕಿಗಳನ್ನು ಮಾಡಬಹುದಾದ ಕೆಲಸವಾಗಿ ತಿರುಗಿಸಿ ಹೇಳುತ್ತೇನೆ. ‘ಗಂಟೆಗೆ 60 ಗ್ರಾಂ ಕಾರ್ಬೊಹೈಡ್ರೇಟ್’ ಓಡುವವರ ತಲೆಯಲ್ಲಿ ನಿಲ್ಲುವುದಿಲ್ಲ. ಓಡುತ್ತಲೇ ನುಂಗುವ ಸಕ್ಕರೆಪಾಕದಂಥ ಸಾಮಾನ್ಯ ಎನರ್ಜಿ ಜೆಲ್‌ನಲ್ಲಿ 22ರಿಂದ 25 ಗ್ರಾಂ ಇರುತ್ತದೆ, ಅಂದರೆ ಸುಮಾರು 25 ನಿಮಿಷಕ್ಕೊಂದು ಜೆಲ್. ಇದು ನಿಲ್ಲುತ್ತದೆ. ಬರಿ ಗ್ಲೂಕೋಸ್ ಆದರೆ ಕರುಳು ಗಂಟೆಗೆ ಹೀರುವುದು ಆ 60 ಗ್ರಾಂ ಅಷ್ಟೇ, ಹೆಚ್ಚು ಸುರಿದರೆ ಹೊಟ್ಟೆ ಕೆಡುತ್ತದೆ. ಫ್ರಕ್ಟೋಸ್ ಬೇರೆ ದಾರಿಯಲ್ಲಿ ಹೀರಿಕೆಯಾಗುವುದರಿಂದ ಎರಡಕ್ಕೆ ಒಂದರಂತೆ ಬೆರೆಸಿದರೆ 90 ಗ್ರಾಂವರೆಗೆ ಹೋಗಬಹುದು, ಅದೂ ತಿಂಗಳುಗಟ್ಟಲೆ ಅಭ್ಯಾಸ ಮಾಡಿಕೊಂಡರೆ.

ಅತಿಥಿಗಳು ಪದೇಪದೇ ಹೇಳುವ ಇನ್ನೊಂದು ಮಾತು, ‘ಓಆರ್‌ಎಸ್ ಕುಡಿದರೆ ಶಕ್ತಿ ಬರುತ್ತೆ’. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್‌ನಲ್ಲಿ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ ಮಾತ್ರ, ಒಂದು ಜೆಲ್‌ಗಿಂತ ಕಡಿಮೆ. 60 ಗ್ರಾಂ ಬೇಕೆಂದರೆ ಗಂಟೆಗೆ ನಾಲ್ಕು ಲೀಟರಿಗಿಂತ ಹೆಚ್ಚು ಕುಡಿಯಬೇಕು, ಅಷ್ಟು ಕುಡಿದರೆ ಆಸ್ಪತ್ರೆಯೇ ಗತಿ. ಅದು ಇರುವುದು ಮುಖ್ಯವಾಗಿ ನೀರು, ಉಪ್ಪಿನಂಶ ತುಂಬಿಕೊಳ್ಳಲು, ಅದರಲ್ಲಿ ಲೀಟರಿಗೆ 75 ಮಿಲಿಮೋಲ್ ಸೋಡಿಯಂ. ಇಂಥದ್ದನ್ನು ಅತಿಥಿಯ ಮಾತು ಕತ್ತರಿಸಿ ಎಸೆಯದೆ, ಅದರ ಬೆನ್ನಿಗೇ ನನ್ನ ಧ್ವನಿಯಲ್ಲಿ ತಿದ್ದಿ ಹೇಳುತ್ತೇನೆ. ಕೇಳುಗರಲ್ಲೂ ಅದೇ ತಪ್ಪು ತಿಳಿವಳಿಕೆ ಇರುತ್ತದಲ್ಲ.

ಪ್ರಶ್ನೆಗಳ ಬಗ್ಗೆ ಹೇಳುವುದಾದರೆ, ‘ಫಿನಿಶ್ ಲೈನಿನಲ್ಲಿ ಏನನ್ನಿಸಿತು’ ಎಂದು ನಾನು ಕೇಳುವುದೇ ಇಲ್ಲ. ಎಲ್ಲರಿಗೂ ಅಳು ಬಂದಿರುತ್ತದೆ. ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಅಲ್ಟ್ರಾಮ್ಯಾರಥಾನ್ ಓಡಿ ಬಂದವರಿಗೆ ಮೊದಲ ಪ್ರಶ್ನೆ ಅಪ್ ರನ್ನೋ ಡೌನ್ ರನ್ನೋ ಎಂಬುದು. ಡರ್ಬನ್‌ನಿಂದ ಪೀಟರ್‌ಮಾರಿಟ್ಸ್‌ಬರ್ಗ್‌ಗೆ ಏರು, ಮರುವರ್ಷ ಸಾಮಾನ್ಯವಾಗಿ ಅದೇ ದಾರಿಯಲ್ಲಿ ಇಳಿ. ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯು ಚೂರಾಗುವುದರಿಂದ ಎರಡಕ್ಕೂ ತರಬೇತಿ ಬೇರೆ. ಆಮೇಲೆ ವಾರಕ್ಕೆ ಎಷ್ಟು ಕಿಲೋಮೀಟರ್, ಎಲ್ಲಿ ಇಳಿಜಾರು ಹುಡುಕಿದಿರಿ, ಯಾವ ವಾರ ಬಿಟ್ಟುಹೋಯಿತು. ಎಲ್ಲಿ ಅಭ್ಯಾಸ ಮಾಡಿದರು ಎಂಬುದು ಬಹಳ ಮುಖ್ಯ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನ ತಣ್ಣನೆ ಬೆಳಗಿನಲ್ಲಿ ಹೊಂದಿದ ಪೇಸ್, ನೀರಿನ ಲೆಕ್ಕ ಮಂಗಳೂರಿನವರಿಗೆ ಹೊಂದುವುದಿಲ್ಲ. ಅಲ್ಲಿನ ತೇವದಲ್ಲಿ ಬೆವರು ಆರದೆ ಸುರಿಯುತ್ತದೆ, ಮೈ ತಣಿಯುವುದಿಲ್ಲ.

ಈಜುವವರ ವ್ಯವಸ್ಥೆ ಬೇರೆ. ಬ್ಲೂಟೂತ್ ನೀರಿನಲ್ಲಿ ಕೆಲವು ಸೆಂಟಿಮೀಟರಿನಾಚೆ ಹೋಗುವುದಿಲ್ಲ, ದಂಡೆಯ ಮೇಲಿನ ಫೋನಿನಿಂದ ಕೇಳಲಾಗದು. ಒಳಗೇ ಮೆಮೊರಿ ಇರುವ ಜಲನಿರೋಧಕ ಪ್ಲೇಯರಿಗೆ ತುಂಬಿಕೊಳ್ಳಲು ನೇರ ಎಂಪಿ3 ಕೊಂಡಿ ಕೊಡುತ್ತೇನೆ. ಸೈಕಲ್ಲಿನ ಕಂತುಗಳನ್ನು ಮನೆಯೊಳಗೆ ಸೈಕಲ್ಲನ್ನು ನಿಂತಲ್ಲೇ ತುಳಿಯುವ ಟ್ರೈನರ್ ಮೇಲೆ ಕೇಳಿ ಎಂದೇ ಹೇಳುತ್ತೇನೆ. ರೇಸಿನ ದಿನ ಟ್ರಯಾಥ್ಲೀಟ್‌ಗಳಿಗೆ ಇದ್ಯಾವುದೂ ಇಲ್ಲ, ಐರನ್‌ಮ್ಯಾನ್ ರೇಸುಗಳಲ್ಲಿ ಹೆಡ್‌ಫೋನ್ ನಿಷಿದ್ಧ.

ಕಂತು ಹೊರಡುವುದು ಶುಕ್ರವಾರ ಸಂಜೆ. ಆ್ಯಪ್‌ಗಳು ಫೀಡ್ (ಕಂತುಗಳ ಪಟ್ಟಿಯಿರುವ ಕಡತ) ನೋಡಲು ಕೆಲವೊಮ್ಮೆ ಗಂಟೆಗಳೇ ಹಿಡಿಯುತ್ತವೆ. ಶನಿವಾರ ರಾತ್ರಿ ಹಾಕಿದರೆ ಭಾನುವಾರ ಐದಕ್ಕೆ ಎದ್ದವರ ಫೋನಿನಲ್ಲಿ ಅದು ಇರುವುದಿಲ್ಲ. ಮುಖಚಿತ್ರ 3000 x 3000 ಪಿಕ್ಸೆಲ್ ಇರಲಿ. ಅಂಕಿ ತಪ್ಪಿರುವುದು ಆಮೇಲೆ ಗೊತ್ತಾದರೆ ಕಡತ ಬದಲಿಸುತ್ತೇನೆ, ಆದರೆ ಫೀಡಿನಲ್ಲಿ ಆ ಕಂತಿನ ಜಿಯುಐಡಿ, ಅಂದರೆ ಆ್ಯಪ್ ಅದನ್ನು ಗುರುತಿಸುವ ಸಂಕೇತ, ಬದಲಾಯಿಸುವುದಿಲ್ಲ. ಬದಲಾಯಿಸಿದರೆ ಅದೇ ಕಂತು ಹೊಸದಾಗಿ ಇನ್ನೊಮ್ಮೆ ಎಲ್ಲರಿಗೂ ಹೋಗುತ್ತದೆ. ಈಗಾಗಲೇ ಇಳಿಸಿಕೊಂಡವರ ಬಳಿ ಹೇಗೂ ಹಳೆಯದೇ ಇರುತ್ತದೆ, ಅದಕ್ಕೇ ಮುಂದಿನ ಕಂತಿನ ಮೊದಲ ನಿಮಿಷದಲ್ಲಿ, ಜಾಹೀರಾತಿಗೂ ಮುಂಚೆ, ತಿದ್ದುಪಡಿ ಓದುತ್ತೇನೆ.