ಮಗಳ ಯುಕಾಸ್ ಅರ್ಜಿ, ಸ್ಟೂಡೆಂಟ್ ಲೋನ್ ಮತ್ತು ನಾನು ತಪ್ಪಿದ ಲೆಕ್ಕ

2025ರ ಸೆಪ್ಟೆಂಬರಿನಲ್ಲಿ ಮಗಳು ಇಂಗ್ಲೆಂಡಿನ ಒಂದು ಯೂನಿವರ್ಸಿಟಿಗೆ ಸಿವಿಲ್ ಇಂಜಿನಿಯರಿಂಗ್ ಓದಲು ಸೇರಿದಳು. ನಾನು, ನನ್ನ ಹೆಂಡತಿ ಇಬ್ಬರೂ ಸಿಇಟಿ ಬರೆದು, ರ‍್ಯಾಂಕ್ ಬಂದ ಮೇಲೆ ಸೀಟು ಹಿಡಿದವರು. ಇಲ್ಲಿ ಹಾಗಲ್ಲ. ಪರೀಕ್ಷೆಗೆ ತಿಂಗಳುಗಟ್ಟಲೆ ಮೊದಲೇ ಅರ್ಜಿ, ಅದೂ ಟೀಚರ್ ಅಂದಾಜು ಮಾಡಿ ಕೊಟ್ಟ ಗ್ರೇಡಿನ ಮೇಲೆ. ಇದನ್ನು ಅರಗಿಸಿಕೊಳ್ಳಲೇ ನಮಗೆ ಒಂದು ತಿಂಗಳು ಬೇಕಾಯಿತು. ಮುಂದಿನ ವರ್ಷ ಮಕ್ಕಳನ್ನು ಸೇರಿಸುವ ಗೆಳೆಯರು ಫೋನ್ ಮಾಡಿ ಕೇಳುತ್ತಲೇ ಇದ್ದಾರೆ. ಪ್ರತಿಯೊಬ್ಬರಿಗೂ ಮುಕ್ಕಾಲು ಗಂಟೆ ಹೇಳುವ ಬದಲು ಒಂದು ಸಲ ಬರೆದುಬಿಡೋಣ ಅಂತ ಕೂತೆ. ಇದೆಲ್ಲ ಇಂಗ್ಲೆಂಡಿನಲ್ಲಿ ಮನೆ ಇರುವವರ ಕಥೆ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿನವರಿಗೆ ಹಣದ ನಿಯಮಗಳೇ ಬೇರೆ.

ಮೊದಲು ಅರ್ಜಿ. ಯುಕಾಸ್ ಅಂದರೆ ಎಲ್ಲ ಯೂನಿವರ್ಸಿಟಿಗೂ ಸೇರಿ ಒಂದೇ ಅರ್ಜಿ. ಐದು ಕಡೆ ಹಾಕಬಹುದು. ಮೆಡಿಸಿನ್ ಆದರೆ ಆ ಐದರಲ್ಲಿ ನಾಲ್ಕಕ್ಕೆ ಮಾತ್ರ. ಆಕ್ಸ್‌ಫರ್ಡ್, ಕೇಂಬ್ರಿಜ್ ಎರಡಕ್ಕೂ ಒಂದೇ ವರ್ಷ ಹಾಕುವ ಹಾಗಿಲ್ಲ, ಯಾವುದಾದರೂ ಒಂದು. ಇವೆರಡಕ್ಕೆ ಮತ್ತು ಮೆಡಿಸಿನ್‌ಗೆ ಗಡುವು ಅಕ್ಟೋಬರ್ 15. ಉಳಿದ ಹೆಚ್ಚಿನವರಿಗೆ ಜನವರಿವರೆಗೆ ಸಮಯ ಇರುತ್ತದೆ, ನಮ್ಮ ವರ್ಷ ಅದು ಜನವರಿ 29 ಆಗಿತ್ತು. ಅರ್ಜಿ ಶುಲ್ಕ ಆಗ 28.50 ಪೌಂಡ್ ಇತ್ತು. ಈ ಇಡೀ ವ್ಯವಹಾರದಲ್ಲಿ ನನಗೆ ಅಗ್ಗ ಅನಿಸಿದ್ದು ಇದೊಂದೇ.

ಹೆಸರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದು ನಮ್ಮ ಜನಕ್ಕೆ ಮಾತ್ರ ಬರುವ ತಲೆನೋವು. ನಮ್ಮ ಮನೆಯಲ್ಲಿ ನಾಲ್ಕು ಜನಕ್ಕೆ ಮೂರು ಸರ್‌ನೇಮ್. ನನ್ನದು ಊರಿನ ಹೆಸರು, ಹೆಂಡತಿಯದು ಅವಳ ಅಪ್ಪನ ಹೆಸರು, ಮಕ್ಕಳದು ನನ್ನ ಹೆಸರು. ಮಗಳ ಹೆಸರು ಸ್ಕೂಲ್ ರಿಜಿಸ್ಟರಿನಲ್ಲಿ ಒಂದು ಥರ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಥರ ಇತ್ತು. ಅವಳು ಸ್ಕೂಲಿನ ಅಭ್ಯಾಸದಂತೆ ತುಂಬಿಸಿಬಿಟ್ಟಿದ್ದಳು. ಕಳಿಸುವ ಹಿಂದಿನ ರಾತ್ರಿ ಸುಮ್ನೆ ಒಂದು ಸಲ ನೋಡೋಣ ಅಂತ ನೋಡಿದಾಗ ಕಣ್ಣಿಗೆ ಬಿತ್ತು. ಯುಕಾಸ್, ಸ್ಟೂಡೆಂಟ್ ಫೈನಾನ್ಸ್ (ಸರ್ಕಾರದ ಸ್ಟೂಡೆಂಟ್ ಲೋನ್ ಕೊಡುವವರು), ಮಗುವಿನ ಬ್ಯಾಂಕ್ ಖಾತೆ, ಮೂರರಲ್ಲೂ ಪಾಸ್‌ಪೋರ್ಟಿನಲ್ಲಿ ಇರುವ ಹೆಸರೇ ಇರಲಿ, ಅದೇ ಅಕ್ಷರ, ಅದೇ ಕ್ರಮ.

ಪರ್ಸನಲ್ ಸ್ಟೇಟ್‌ಮೆಂಟ್, ಅಂದರೆ ಈ ಕೋರ್ಸ್ ನನಗೆ ಯಾಕೆ ಅಂತ ಅರ್ಜಿಯಲ್ಲಿ ಬರೆಯುವುದು, ಆಗ ಒಂದೇ ಒಂದು ಉದ್ದನೆಯ ಪ್ರಬಂಧ. ಮಿತಿ 4,000 ಅಕ್ಷರ, ಜಾಗ ಬಿಟ್ಟದ್ದೂ ಲೆಕ್ಕಕ್ಕೆ. 2026ರ ಪ್ರವೇಶದಿಂದ ಅದನ್ನು ಮೂರು ಪ್ರಶ್ನೆಗಳಾಗಿ ಒಡೆದಿದ್ದಾರೆ, ಒಟ್ಟು ಮಿತಿ ಅಷ್ಟೇ, ಪ್ರತಿ ಉತ್ತರಕ್ಕೆ ಕನಿಷ್ಠ 350 ಅಕ್ಷರ. ಮಗಳ ಮೊದಲ ಪ್ರತಿ 6,000 ದಾಟಿತ್ತು. ಶುರುವೇ "ಚಿಕ್ಕಂದಿನಿಂದಲೂ ನನಗೆ ಸೇತುವೆಗಳೆಂದರೆ" ಅಂತ. ಎಲ್ಲಿಯ ಸೇತುವೆ, ಅವಳು ಆಡಿದ್ದೆಲ್ಲ ಬೆಕ್ಕಿನ ಗೊಂಬೆ ಜೊತೆ! ಆಮೇಲೆ ನೆಟ್‌ಬಾಲ್ ಕ್ಯಾಪ್ಟನ್, ಭರತನಾಟ್ಯ, ಚಾರಿಟಿ ಅಂಗಡಿ. ಕೊನೆಯಲ್ಲೆಲ್ಲೋ ಒಂದು ಸಾಲು: ಸ್ಕೂಲಿಗೆ ಹೋಗುವ ದಾರಿಯ ಮೋರಿ ಪ್ರತಿ ಚಳಿಗಾಲ ಉಕ್ಕುತ್ತಿತ್ತು, ಒಂದು ಕೋಲಿಗೆ ಬಣ್ಣದ ಗೆರೆ ಹಾಕಿ ಎರಡು ತಿಂಗಳು ನೀರಿನ ಎತ್ತರ ಬರೆದಿಟ್ಟಿದ್ದೆ ಅಂತ. ಅವಳ ಜಿಯಾಗ್ರಫಿ ಟೀಚರ್ ಆ ಸಾಲಿನ ಸುತ್ತ ಪೆನ್ನಿನಲ್ಲಿ ಗೋಲ ಹಾಕಿ, "ಇದನ್ನು ಮೇಲಕ್ಕೆ ತಾ, ಉಳಿದದ್ದು ತೆಗೆ" ಅಂದರು. ಹಾಗೇ ಮಾಡಿದಳು. ಮೋರಿಯ ಅಗಲ ಯಾಕೆ ಸಾಲದು, ಮಳೆ ನಿಂತು ಎಷ್ಟು ಹೊತ್ತಿಗೆ ನೀರು ಏರುತ್ತದೆ, ಅದಕ್ಕಾಗಿ ಏನು ಓದಿದಳು, ಅಷ್ಟೇ. ಭರತನಾಟ್ಯಕ್ಕೆ ಅರ್ಧ ವಾಕ್ಯ ಉಳಿಯಿತು. ಹನ್ನೊಂದು ವರ್ಷದ ಕ್ಲಾಸ್ ಫೀಸ್ ನೆನೆದು ನನ್ನ ಹೆಂಡತಿಗೆ ಇವತ್ತಿಗೂ ಬೇಜಾರು.

ಆಫರ್ ಬರಲು ಶುರುವಾದಾಗ ನಾವು ಮಾಡಿದ ಒಂದು ಒಳ್ಳೇ ಕೆಲಸ ಅಂದರೆ ಇನ್ಶೂರೆನ್ಸ್ ಆಯ್ಕೆ ಸರಿಯಾಗಿ ಮಾಡಿದ್ದು. ಆಫರ್ ಅಂದರೆ ಇಂತಿಷ್ಟು ಗ್ರೇಡ್ ಬಂದರೆ ಸೀಟು ಅನ್ನುವ ಮಾತು. ಬಂದ ಆಫರ್‌ಗಳಲ್ಲಿ ಒಂದನ್ನು ಫರ್ಮ್ (ಮೊದಲ ಆಯ್ಕೆ), ಒಂದನ್ನು ಇನ್ಶೂರೆನ್ಸ್ (ಅದು ತಪ್ಪಿದರೆ ಇರಲಿ ಅನ್ನುವ ಎರಡನೇ ಆಯ್ಕೆ) ಅಂತ ಇಟ್ಟುಕೊಂಡು ಉಳಿದದ್ದು ಬಿಡಬೇಕು. ಎಷ್ಟೋ ಜನ ಎರಡೂ ಕಡೆ ಒಂದೇ ಗ್ರೇಡ್ ಕೇಳುವ ಯೂನಿವರ್ಸಿಟಿ ಇಡುತ್ತಾರೆ, ಹೆಸರು ದೊಡ್ಡದು ಅಂತ. ಮೂರು ಎ ಬರದಿದ್ದರೆ ಎರಡೂ ಕೈ ಬಿಡಬಹುದು, ಆಮೇಲೆ ಅದು ಎಂಥ ಇನ್ಶೂರೆನ್ಸ್? ನಮ್ಮದು ಫರ್ಮ್‌ಗೆ ಮೂರು ಎ, ಇನ್ಶೂರೆನ್ಸ್‌ಗೆ ಒಂದು ಎ ಎರಡು ಬಿ. ಫಲಿತಾಂಶದ ದಿನ, ಆಗಸ್ಟ್ 14ರ ಬೆಳಿಗ್ಗೆ ಎಂಟು ದಾಟಿದ ಮೇಲೆ ಫೋನಿನಲ್ಲಿ ಬಂದದ್ದು ಇನ್ಶೂರೆನ್ಸ್ ಯೂನಿವರ್ಸಿಟಿಯ ಹೆಸರು. ಅವಳು ಅಡುಗೆಮನೆಯ ನೆಲದ ಮೇಲೆ ಕೂತು ಹತ್ತು ನಿಮಿಷ ಅತ್ತಳು. ಆಮೇಲೆ ಎದ್ದು ಹಾಸ್ಟೆಲ್ ಸಿಗುತ್ತದಾ ಅಂತ ಹುಡುಕತೊಡಗಿದಳು. ಅದು ಬೇಗ ನೋಡಬೇಕಾದ ಕೆಲಸವೇ, ಯಾಕೆಂದರೆ ತುಂಬಾ ಕಡೆ ರೂಮಿನ ಗ್ಯಾರಂಟಿ ಇರುವುದು ಫರ್ಮ್ ಇಟ್ಟವರಿಗೆ ಮಾತ್ರ.

ಇನ್ನು ದುಡ್ಡು. ಇಲ್ಲೇ ನಾನು ಎಡವಿದ್ದು.

ಮೊದಲ ಪ್ರಶ್ನೆ, ನಮಗೆ ಸ್ಟೂಡೆಂಟ್ ಫೈನಾನ್ಸ್ ಸಿಗುತ್ತದಾ ಅನ್ನುವುದು. ನಮ್ಮ ಹತ್ತಿರ 2017ರಿಂದ ಐಎಲ್ಆರ್ (ಇಲ್ಲೇ ಕಾಯಂ ನೆಲೆಸುವ ಅನುಮತಿ) ಇತ್ತು. ಕೋರ್ಸ್ ಶುರುವಾಗುವ ದಿನಕ್ಕೆ ಇಲ್ಲಿ ನೆಲೆಸುವ ಹಕ್ಕು ಇರಬೇಕು, ಅದಕ್ಕೆ ಹಿಂದಿನ ಮೂರು ವರ್ಷ ಇಲ್ಲೇ ವಾಸ ಇದ್ದಿರಬೇಕು. ಬೇರೆ ದಾರಿಗಳೂ ಕೆಲವು ಇವೆ, ಆದರೆ ನಮ್ಮಂಥ ಹೆಚ್ಚಿನವರು ಬರುವುದು ಇದರಲ್ಲೇ. ಗೊತ್ತಿರುವ ಎರಡು ಮನೆಗಳಲ್ಲಿ ಇದು ಕೈಕೊಟ್ಟಿತು. ಒಂದು ಮನೆಯವರು ಬಂದು ಎರಡೇ ವರ್ಷ, ಹುಡುಗ ಡಿಪೆಂಡೆಂಟ್ ವೀಸಾದಲ್ಲಿ, ಹಾಗಾಗಿ ವಿದೇಶಿ ವಿದ್ಯಾರ್ಥಿಯ ಫೀಸ್. ಇನ್ನೊಂದು ಮನೆಯ ಹುಡುಗಿಗೆ ಬ್ರಿಟಿಷ್ ಪಾಸ್‌ಪೋರ್ಟೇ ಇತ್ತು, ಆದರೆ ಅಪ್ಪ ಅಮ್ಮ ಬೆಂಗಳೂರಿಗೆ ವಾಪಸ್ ಹೋಗಿ ಆರು ವರ್ಷ ಇದ್ದು ಈಗಷ್ಟೇ ಬಂದಿದ್ದರು. ಪಾಸ್‌ಪೋರ್ಟ್ ಒಂದಿದ್ದರೆ ಸಾಕು ಅಂದುಕೊಂಡವರಿಗೆ ದೊಡ್ಡ ಏಟು ಅದು. ಇನ್ನೊಂದು ಮಾತು: ಯಾವ ಫೀಸ್ ಅಂತ ತೀರ್ಮಾನಿಸುವುದು ಯೂನಿವರ್ಸಿಟಿ, ಲೋನ್ ಕೊಡಬೇಕೋ ಬೇಡವೋ ಅನ್ನುವುದು ಸ್ಟೂಡೆಂಟ್ ಫೈನಾನ್ಸ್ ಇಂಗ್ಲೆಂಡ್. ಎರಡೂ ಬೇರೆ ಬೇರೆ.

ಲೋನ್ ಎರಡು ಭಾಗ. ಟ್ಯೂಷನ್ ಫೀ ಲೋನ್, ನಮ್ಮ ವರ್ಷ 9,535 ಪೌಂಡ್. ಇದಕ್ಕೆ ಅಪ್ಪ ಅಮ್ಮನ ಸಂಬಳ ಯಾರೂ ಕೇಳುವುದಿಲ್ಲ, ಹಣ ನೇರ ಯೂನಿವರ್ಸಿಟಿಗೆ ಹೋಗುತ್ತದೆ. ಇನ್ನೊಂದು ಮೇಂಟೆನೆನ್ಸ್ ಲೋನ್, ಊಟ ಬಾಡಿಗೆಗೆ, ಮಗುವಿನ ಖಾತೆಗೆ ವರ್ಷಕ್ಕೆ ಮೂರು ಕಂತಿನಲ್ಲಿ ಬರುವುದು. ಇದರ ಮೊತ್ತ ಮನೆಯ ಆದಾಯದ ಮೇಲೆ. ಲಂಡನ್ ಬಿಟ್ಟು ಬೇರೆ ಊರಲ್ಲಿ ರೂಮು ಮಾಡಿಕೊಂಡಿರುವವರಿಗೆ 2025-26ರಲ್ಲಿ ಗರಿಷ್ಠ 10,544 ಪೌಂಡ್, ಲಂಡನ್ನಿನಲ್ಲಿ 13,762, ಮನೆಯಿಂದಲೇ ಹೋಗಿಬರುವವರಿಗೆ 8,877. ಆದರೆ ಪೂರ್ತಿ ಸಿಗುವುದು ಮನೆಯ ಆದಾಯ 25,000 ಪೌಂಡ್ ಒಳಗಿದ್ದರೆ ಮಾತ್ರ. ಆ 25,000 ಅನ್ನುವ ಗೆರೆ 2008ರಿಂದ ಅಲ್ಲೇ ನಿಂತಿದೆ. ಸಂಬಳ ಏರಿದೆ, ಬಾಡಿಗೆ ಏರಿದೆ, ಗೆರೆ ಮಾತ್ರ ಅಲ್ಲಾಡಿಲ್ಲ.

ನಾನು ಎರಡು ಶನಿವಾರ ಕೂತು ಹಳೇ ಪಿ60 (ವರ್ಷದ ಸಂಬಳ, ಹಿಡಿದ ಟ್ಯಾಕ್ಸ್ ತೋರಿಸಿ ಕಂಪನಿ ಕೊಡುವ ಪತ್ರ) ಹುಡುಕಿದೆ. ಅವರು ಕೇಳುವುದು ಈಗಿನ ಆದಾಯ ಅಲ್ಲ, 2023-24ರದ್ದು. ಹೆಂಡತಿ ಆಗಿನ ಕೆಲಸ ಬಿಟ್ಟು ಬೇರೆ ಕಡೆ ಸೇರಿದ್ದಳು, ಹಳೇ ಕಂಪನಿಯ ಪಿ60 ಸಿಕ್ಕಿದ್ದು ಕ್ರಿಸ್ಮಸ್ ದೀಪಗಳ ಡಬ್ಬದಲ್ಲಿ. ಪೆನ್ಶನ್‌ಗೆ ಕಟ್ಟಿದ್ದು ಕಳೆದೆ. ಸ್ಕೂಲಲ್ಲಿ ಓದುವ ಮಗನಿಗಾಗಿ ಇರುವ 1,130 ಪೌಂಡ್ ರಿಯಾಯಿತಿಯನ್ನೂ ಬಿಡಲಿಲ್ಲ. ಇಷ್ಟೆಲ್ಲ ಮಾಡಿ ಬಂದ ಉತ್ತರ: 4,915 ಪೌಂಡ್. ಅದು ಕನಿಷ್ಠ ಮೊತ್ತ. ಇಬ್ಬರ ಸಂಬಳ ಸೇರಿದರೆ 70,000 ದಾಟುತ್ತಿದ್ದ ನಮಗೆ ಏನೇ ಕಳೆದರೂ ಅಷ್ಟೇ ಬರುತ್ತಿತ್ತು. ಆದಾಯದ ವಿವರ ಕೊಡದೆಯೂ ಕನಿಷ್ಠ ಮೊತ್ತಕ್ಕೆ ಅರ್ಜಿ ಹಾಕಬಹುದು ಅಂತ ಆಮೇಲೆ ಗೊತ್ತಾಯಿತು. ಎರಡು ಶನಿವಾರ ದಂಡ. ಆದರೆ ನಿಮ್ಮ ಆದಾಯ ನಮಗಿಂತ ಕಡಿಮೆ ಇದ್ದರೆ ಖಂಡಿತ ಪಿ60 ಹುಡುಕಿ, ಅದಕ್ಕೆ ಬೆಲೆ ಇದೆ. ಈ ವರ್ಷ ಆದಾಯ 15 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಇಳಿದಿದ್ದರೆ ಈಗಿನ ಲೆಕ್ಕವನ್ನೇ ತೆಗೆದುಕೊಳ್ಳಿ ಅಂತಲೂ ಕೇಳಬಹುದು.

ಪತ್ರ ನೋಡಿ ನಾನು ಸಮಾಧಾನದಿಂದ ಮಡಿಚಿಟ್ಟೆ. ಸರ್ಕಾರ ಲೆಕ್ಕ ಹಾಕಿ ಕೊಟ್ಟಿದೆ ಅಂದರೆ ಅಷ್ಟರಲ್ಲಿ ಬದುಕಬಹುದು ಅಂತ ತಾನೇ ಅರ್ಥ, ಅಲ್ವಾ? ಅಲ್ಲ. ಮಗಳ ಹಾಸ್ಟೆಲ್ ರೂಮು ವಾರಕ್ಕೆ 170 ಪೌಂಡ್, 42 ವಾರಕ್ಕೆ 7,140. ಬಾಡಿಗೆಗೇ ಸಾಲದು, ಇನ್ನು ಅನ್ನ ಎಲ್ಲಿಂದ? ಗರಿಷ್ಠ 10,544ರಿಂದ 4,915 ಕಳೆದರೆ ಉಳಿಯುವ 5,629 ಪೌಂಡ್ ಇದೆಯಲ್ಲ, ಅದು ಅಪ್ಪ ಅಮ್ಮ ಕೊಡಬೇಕು ಅನ್ನುವುದು ಈ ಇಡೀ ಪದ್ಧತಿಯ ಒಳಗಿನ ಮಾತು. ನಮಗೆ ಬಂದ ಪತ್ರದಲ್ಲಿ ಆ ಮಾತು ಎಲ್ಲೂ ಇರಲಿಲ್ಲ. ಅದನ್ನು ಪತ್ರದಲ್ಲೇ ಬರೆಯಿರಿ ಅಂತ ಟಿವಿಯಲ್ಲಿ ಹಣದ ಸಲಹೆ ಕೊಡುವ ಮಾರ್ಟಿನ್ ಲೂಯಿಸ್ ವರ್ಷಗಳಿಂದ ಹೇಳುತ್ತಲೇ ಇದ್ದಾರೆ. ತಿಂಗಳಿಗೆ ಹಂಚಿದರೆ ಸುಮಾರು 470 ಪೌಂಡ್. ಮಗಳು ಇಯರ್ 12ಕ್ಕೆ (ಯೂನಿವರ್ಸಿಟಿಗೆ ಎರಡು ವರ್ಷ ಮೊದಲಿನ ತರಗತಿ) ಬಂದಾಗಲೇ ಇದು ಗೊತ್ತಿದ್ದರೆ ನಾವು ಹೊಸ ಕಾರು ತಗೊಳ್ಳುತ್ತಿರಲಿಲ್ಲ.

ನಾನು ತಲೆ ಕೆಡಿಸಿಕೊಂಡದ್ದೋ, ಪೂರ್ತಿ ಬೇರೆಯದಕ್ಕೆ. ಮೂರು ವರ್ಷಕ್ಕೆ ಹತ್ತಿರ ಹತ್ತಿರ 43,000 ಪೌಂಡ್ ಸಾಲ, ಹದಿನೆಂಟರ ಹುಡುಗಿಯ ತಲೆ ಮೇಲೆ! ಸಾಲ ಅಂದರೆ ನಮಗೆ ಮನೆ ಮುಂದೆ ಬಂದು ನಿಲ್ಲುವ ಸಾಲವೇ ಕಣ್ಣಿಗೆ ಬರುವುದು. ಊರಿನ ಸೈಟು ಮಾರಿ ಫೀಸ್ ಕಟ್ಟಿಬಿಡೋಣ ಅಂತ ಅಣ್ಣನಿಗೆ ಫೋನೂ ಮಾಡಿಬಿಟ್ಟಿದ್ದೆ. ಆಮೇಲೆ ಹೆಂಡತಿ ಒಂದು ಹಾಳೆ ಮೇಲೆ ಲೆಕ್ಕ ಹಾಕಿದಳು. 2023ರ ಆಗಸ್ಟ್ 1ರಿಂದ ಈಚೆಗೆ ಕೋರ್ಸ್ ಶುರು ಮಾಡಿದವರಿಗೆ ಸಾಲ ತೀರಿಸುವ ನಿಯಮದ ಹೆಸರು ಪ್ಲಾನ್ 5. ವರ್ಷದ ಸಂಬಳ 25,000 ದಾಟುವವರೆಗೆ ಒಂದು ಪೈಸೆ ಕಟ್ಟಬೇಕಿಲ್ಲ. ದಾಟಿದ ಮೇಲೆ, ದಾಟಿದ್ದರ ಮೇಲೆ ಮಾತ್ರ 9 ಪರ್ಸೆಂಟ್. ಸಂಬಳ 32,000 ಅಂದರೆ ಮೇಲಿನ 7,000ಕ್ಕೆ ವರ್ಷಕ್ಕೆ 630, ತಿಂಗಳಿಗೆ 52.50 ಪೌಂಡ್, ಟ್ಯಾಕ್ಸ್ ಥರ ಸಂಬಳದಲ್ಲೇ ಹಿಡಿಯುತ್ತಾರೆ. ಕೆಲಸ ಹೋದರೆ ಕಂತೂ ನಿಲ್ಲುತ್ತದೆ. 40 ವರ್ಷ ಆದ ಮೇಲೆ ಉಳಿದದ್ದು ಮನ್ನಾ. ಸಾಲ 43,000 ಆದರೂ 63,000 ಆದರೂ ಆ ತಿಂಗಳ ಕಂತು ಅಷ್ಟೇ.

ಪುಕ್ಕಟೆ ಅಂತ ಹೇಳುತ್ತಿಲ್ಲ. ಮೊದಲ ಕಂತು ಕೊಟ್ಟ ದಿನದಿಂದ ಬಡ್ಡಿ ಓಡುತ್ತದೆ, ಆರ್‌ಪಿಐ ಅನ್ನುವ ಹಣದುಬ್ಬರದ ದರದಲ್ಲಿ. 40 ವರ್ಷ ಅಂದರೆ ವಯಸ್ಸು ಅರವತ್ತು ದಾಟುವವರೆಗೆ. ಒಳ್ಳೇ ಸಂಬಳ ಬಂದವರು ಪೂರ್ತಿ ತೀರಿಸಿಯೇ ತೀರಿಸುತ್ತಾರೆ. ಕೆಲಸಕ್ಕೆ ಅಂತ ಬೆಂಗಳೂರಿಗೆ ಹೋದರೂ ಸಾಲ ಮಾಯ ಆಗುವುದಿಲ್ಲ, ಆಯಾ ದೇಶಕ್ಕೆ ಬೇರೆ ಮಿತಿ ಇಟ್ಟು ಕಟ್ಟಿಸಿಕೊಳ್ಳುತ್ತಾರೆ. ಆದರೂ ಸೈಟು ಮಾರಿ ಮೊದಲೇ ಫೀಸ್ ಕಟ್ಟಿ, ಆಮೇಲೆ ತಿಂಗಳ ಖರ್ಚಿಗೆ ಕ್ರೆಡಿಟ್ ಕಾರ್ಡ್ ಉಜ್ಜುವುದು ಮೂರ್ಖತನ ಅಂತ ನನ್ನ ಅಭಿಪ್ರಾಯ. ಸೈಟು ಉಳಿಯಿತು. ಅಣ್ಣ ಆಗಲೇ ಬ್ರೋಕರ್‌ಗೆ ಹೇಳಿಬಿಟ್ಟಿದ್ದ, ಅವನಿಗೆ ಸಮಜಾಯಿಷಿ ಕೊಡುವಷ್ಟರಲ್ಲಿ ಸಾಕಾಯಿತು. ಅಂದಹಾಗೆ, 2023ಕ್ಕೆ ಮೊದಲು ಸೇರಿದ ಅಣ್ಣ ಅಕ್ಕಂದಿರ ಲೆಕ್ಕ ಕೇಳಿ ಮೋಸ ಹೋಗಬೇಡಿ. ಅವರದು ಪ್ಲಾನ್ 2, ಮಿತಿಯೂ ಬೇರೆ, ಮನ್ನಾ ಆಗುವುದು 30 ವರ್ಷಕ್ಕೆ.

ಇನ್ನೊಂದು ತಪ್ಪು ಪೂರ್ತಿ ನಮ್ಮದೇ. ಲೋನ್ ಅರ್ಜಿಗೆ ಸೀಟು ಖಚಿತ ಆಗುವವರೆಗೆ ಕಾಯಬೇಕಿಲ್ಲ. ವಸಂತದಲ್ಲೇ ಫರ್ಮ್ ಯೂನಿವರ್ಸಿಟಿಯ ಹೆಸರು ಹಾಕಿ ಕಳಿಸಿದ್ದೆವು, ಅದು ಸರಿ. ಆದರೆ ಆಗಸ್ಟಿನಲ್ಲಿ ಇನ್ಶೂರೆನ್ಸ್ ಕಡೆ ಹೋದಾಗ ಅರ್ಜಿಯಲ್ಲಿ ಯೂನಿವರ್ಸಿಟಿ ಬದಲಿಸಬೇಕು ಅನ್ನುವುದು ಮೂವರಿಗೂ ಹೊಳೆಯಲಿಲ್ಲ. ಯುಕಾಸ್‌ನಿಂದ ತಾನಾಗಿಯೇ ಹೋಗುತ್ತದೆ ಅಂದುಕೊಂಡಿದ್ದೆವು. ಮಗಳು ಹೋಗಿ ರಿಜಿಸ್ಟರ್ ಮಾಡಿದಳು, ಗೆಳತಿಯರಿಗೆಲ್ಲ ಮೂರ್ನಾಲ್ಕು ದಿನದಲ್ಲಿ ದುಡ್ಡು ಬಂತು, ಇವಳಿಗೆ ಇಲ್ಲ. ತೆಗೆದು ನೋಡಿದರೆ ಹಳೇ ಯೂನಿವರ್ಸಿಟಿಯ ಹೆಸರು ಹಾಗೇ ಕೂತಿದೆ. ಸರಿಮಾಡಿ ಹಣ ಬರಲು ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಹಾಸ್ಟೆಲಿನ ಮೊದಲ ಕಂತು ಕಟ್ಟುವ ದಿನ ಬಂದಿತ್ತು, ಅದನ್ನು ನಾನೇ ಕಟ್ಟಿದೆ. ಎಲ್ಲ ಸರಿಯಾಗಿದ್ದರೂ ಲೋನ್ ಬರುವುದು ರಿಜಿಸ್ಟರ್ ಆದ ಮೇಲೆ, ರೂಮಿನ ಅಡ್ವಾನ್ಸ್, ಪಾತ್ರೆ, ಹಾಸಿಗೆ ಹೊದಿಕೆ ಎಲ್ಲ ಅದಕ್ಕೆ ಮೊದಲೇ ಬೇಕು. ಕೈಯಲ್ಲಿ ಒಂದು ಸಾವಿರ ಪೌಂಡ್ ಬೇರೆ ಇಟ್ಟಿರಿ.

ಈ ಅರ್ಜಿ ಪ್ರತಿ ವರ್ಷ ಹೊಸದಾಗಿ ಹಾಕಬೇಕು. ಎರಡನೇ ವರ್ಷದ್ದು ಈ ಸಲ ಆದಾಯ ಕೊಡದೆ ಕಳಿಸಿದೆವು, ಇಪ್ಪತ್ತು ನಿಮಿಷದ ಕೆಲಸ. ಈಗ ಅವಳು ಇನ್ನು ಮೂವರು ಹುಡುಗಿಯರ ಜೊತೆ ಬಾಡಿಗೆ ಮನೆ ಹಿಡಿದಿದ್ದಾಳೆ, ಮೊನ್ನೆ ನನ್ನ ಹೆಸರಿಗೆ ಗ್ಯಾರಂಟರ್ ಪತ್ರ ಬಂತು. ಓದಿದರೆ ನಾಲ್ವರಲ್ಲಿ ಯಾರು ಬಾಡಿಗೆ ತಪ್ಪಿಸಿದರೂ ನಾನು ಕೊಡಬೇಕು ಅಂತ ಇತ್ತು. ನನ್ನ ಮಗಳ ಪಾಲಿಗೆ ಮಾತ್ರ ಜವಾಬ್ದಾರಿ ಅಂತ ಬದಲಿಸಿ ಕೊಡಿ ಅಂತ ಬರೆದೆ. ಎರಡು ದಿನ ಸದ್ದಿಲ್ಲ, ಮೂರನೇ ದಿನ ಬದಲಿಸಿ ಕಳಿಸಿದರು. ಸಹಿ ಹಾಕುವ ಮೊದಲು ಸರ್‌ನೇಮ್ ನೋಡಿದೆ. ಮಗಳ ಸರ್‌ನೇಮನ್ನೇ ನನಗೂ ಅಂಟಿಸಿದ್ದರು. ವಾಪಸ್ ಕಳಿಸಿದ್ದೇನೆ.